ಡೆನ್ಮಾರ್ಕ್, ನಾರ್ವೆ ಕಡೆ ಹೊರಟವರೇ, ಫ್ಲೈ ಲೈನನ್ನು ಇಲ್ಲಿಂದ ಕಟ್ಟಿಕೊಂಡು ಹೋಗಬೇಡಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯಿಂದ ಓದಿಗೋ ನೌಕರಿಗೋ ಡೆನ್ಮಾರ್ಕ್, ನಾರ್ವೆ, ಐರ್ಲೆಂಡ್ ಅಂತ ಹೊರಟವರಲ್ಲಿ ಗಾಳದ ಹುಚ್ಚಿರುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ತುಂಗಭದ್ರಾ ಕಾಲುವೆಗಳ ಮೇಲೆ ಬಿದಿರು ಕೋಲು ಹಿಡಿದು ಬೆಳೆದವರಿಗೆ ಸಮುದ್ರ ಕಂಡರೆ ಕೈ ಸುಮ್ಮನಿರುವುದಿಲ್ಲ. ಈ ಬರಹ ಅವರಿಗೆ.

ನಾನು ಡೆನ್ಮಾರ್ಕಿನ ಫ್ಯುನ್ ದ್ವೀಪಕ್ಕೆ ಕೆಲಸಕ್ಕೆ ಹೋಗುವುದು ಗಟ್ಟಿಯಾದಾಗ, ಬೆಂಗಳೂರಿನ ಒಬ್ಬ ಆನ್‌ಲೈನ್ ವ್ಯಾಪಾರಿಯ ಹತ್ತಿರ ಫ್ಲೈ ಫಿಶಿಂಗ್ ಸಾಮಾನು ವಿಚಾರಿಸಿದೆ. ಯಾವ ಊರು, ಯಾವ ಮೀನು, ಯಾವ ತಿಂಗಳು ಎಲ್ಲ ಮೆಸೇಜಿನಲ್ಲೇ ಬರೆದಿದ್ದೆ: ಫ್ಯುನ್ ಕರಾವಳಿ, ಸೀ ಟ್ರೌಟ್ (ಹೊಳೆಯಲ್ಲಿ ಹುಟ್ಟಿ ಸಮುದ್ರದಲ್ಲಿ ಬೆಳೆಯುವ ಮೀನು), ಫೆಬ್ರವರಿ–ಮಾರ್ಚ್. ಅವನು ಫೋನ್ ಮಾಡಿ, "ಅಲ್ಲಿ ಎಲ್ಲಾ ಮೂರು ಪಟ್ಟು ರೇಟು ಬ್ರದರ್, ಇಲ್ಲೇ ತಗೊಂಡ್ಹೋಗಿ. ಇದು ಸಾಲ್ಟ್‌ವಾಟರ್ ಕಿಟ್, ಯಾವ ಸಮುದ್ರಕ್ಕಾದ್ರೂ ನಡೆಯುತ್ತೆ" ಅಂದ. 9 ಅಡಿಯ 8 ನಂಬರ್ ರಾಡು, ರೀಲು, ಲೈನು ಸೇರಿ 28 ಸಾವಿರ ರೂಪಾಯಿ ತೆಗೆದುಕೊಂಡ. ಬಿಲ್ ಆಮೇಲೆ ಕಳಿಸುತ್ತೇನೆ ಎಂದವನು ಇವತ್ತಿಗೂ ಕಳಿಸಿಲ್ಲ.

ಫ್ಲೈ ಫಿಶಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಗಾಳದಲ್ಲಿ ಸೀಸದ ಗುಂಡೋ ಎರೆಯ ಭಾರವೋ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಕೊಕ್ಕೆಗೆ ಕಟ್ಟಿದ ಪುಕ್ಕದ ಹುಳುವಿಗೆ ತೂಕವೇ ಇಲ್ಲ. ತೂಕವಿರುವುದು ಲೈನಿಗೆ, ಬೀಸುವುದು ಆ ಲೈನನ್ನೇ. ಹಾಗಾಗಿ ರಾಡು ಎಷ್ಟೇ ಚೆನ್ನಾಗಿರಲಿ, ಲೈನು ಕೆಟ್ಟದ್ದಾದರೆ ಆಟ ಮುಗಿಯಿತು.

ಏಪ್ರಿಲ್‌ನಲ್ಲಿ ಪಾರ್ಸೆಲ್ ಬಂತು. ಅವತ್ತೇ ಸಂಜೆ ಕಾಲುವೆ ದಂಡೆಗೆ ಒಯ್ದು ಬೀಸಿ ನೋಡಿದೆ. ಹೊತ್ತಿಳಿದರೂ ಗಾಳಿಯಲ್ಲಿ ಇನ್ನೂ ಕಾವಿತ್ತು. ಲೈನು ರೀಲಿನಿಂದ ಸರಾಗವಾಗಿ ಬಿಚ್ಚಿಕೊಂಡಿತು, ನೆಟ್ಟಗೆ ಹೋಗಿ ಬಿತ್ತು, ಒಂದು ಸುರುಳಿಯೂ ಏಳಲಿಲ್ಲ. ದಂಡೆ ಮೇಲೆ ಕೂತು ನೋಡುತ್ತಿದ್ದ ಹಿರಿಯರೊಬ್ಬರು, "ಮೀನು ಹಿಡಿಯಾಕ ಇಷ್ಟ್ ದಪ್ಪ ಹಗ್ಗ ಯಾಕ ಬೇಕೋ ತಮ್ಮಾ" ಅಂತ ನಕ್ಕರು. ಲೈನಿನ ಮೇಲೆ ಅನುಮಾನ ಪಡಲು ಅಲ್ಲಿ ಯಾವ ಕಾರಣವೂ ಇರಲಿಲ್ಲ. ಇಂಥ ವ್ಯಾಪಾರಿಗಳಿಗೆ ಅನುಕೂಲವಾಗಿರುವುದೂ ಇದೇ. ನಮ್ಮ ಬಿಸಿಲಿನಲ್ಲಿ ಆ ಲೈನಿನ ಬಣ್ಣ ಬಯಲಾಗುವುದೇ ಇಲ್ಲ, ಅದು ಇಂಥ ಬಿಸಿಲಿಗೆಂದೇ ಮಾಡಿದ್ದು.

ಫ್ಲೈ ಲೈನಿನ ಒಳಗೆ ಒಂದು ಎಳೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಹೆಚ್ಚಾಗಿ ಈ ಹೊದಿಕೆ ಪಿವಿಸಿಯದು. ಉಷ್ಣವಲಯದ ಸಮುದ್ರಕ್ಕೆ ಮಾಡುವ ಲೈನಿಗೆ ಗಟ್ಟಿ ಹೊದಿಕೆ ಕೊಡುತ್ತಾರೆ, ಒಳಗೆ ಬಹುಮಟ್ಟಿಗೆ ನೈಲಾನಿನ ಒಂಟಿ ಎಳೆ ಹಾಕುತ್ತಾರೆ. ಇಲ್ಲವಾದರೆ ಬಿಸಿಲಿಗೆ ಅದು ಮೆತ್ತಗಾಗಿ ರಾಡಿನ ಉಂಗುರಗಳ ನಡುವೆ ಜೋತು ಬೀಳುತ್ತದೆ. ಚಳಿ ಸಮುದ್ರದ ಲೈನು ಇದಕ್ಕೆ ತದ್ವಿರುದ್ಧ: ಮೆದು ಹೊದಿಕೆ, ಒಳಗೆ ಹೆಣೆದ ಸಣ್ಣ ಎಳೆಗಳು. ಎರಡೂ ಉಪ್ಪು ನೀರಿನವೇ, ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಫ್ಯುನ್‌ನಲ್ಲಿ ಫೆಬ್ರವರಿಯ ನೀರು 3 ಡಿಗ್ರಿ ಇತ್ತು. ತೊಡೆಮಟ್ಟದ ನೀರಿನಲ್ಲಿ ನಿಂತು ರೀಲಿನಿಂದ ಲೈನು ಎಳೆದೆ. ಜಿಲೇಬಿ ಹಿಟ್ಟು ಎಣ್ಣೆಗೆ ಬಿಟ್ಟ ಹಾಗೆ ಸುತ್ತು ಸುತ್ತಾಗಿಯೇ ನೀರಿಗಿಳಿಯಿತು. ಎರಡು ಕೈಯಲ್ಲಿ ಹಿಡಿದು ಜಗ್ಗಿದರೆ ಒಂದು ಗಳಿಗೆ ನೆಟ್ಟಗಾಗುತ್ತಿತ್ತು, ಬಿಟ್ಟರೆ ಮತ್ತೆ ಸುರುಳಿ. ಬೀಸಿದಾಗ ಆ ಸುರುಳಿಗಳು ಮೊದಲ ಉಂಗುರಕ್ಕೇ ಸಿಕ್ಕಿಕೊಂಡು, ಹುಳು ಕಣ್ಣೆದುರಿಗೇ ದೊಪ್ಪನೆ ಬೀಳುತ್ತಿತ್ತು. ಜೊತೆಗಿದ್ದ ಸಹೋದ್ಯೋಗಿ ಅಲ್ಲಿಯವನು, ಚಿಕ್ಕಂದಿನಿಂದ ಅದೇ ದಂಡೆಯಲ್ಲಿ ಮೀನು ಹಿಡಿದವನು. ಅವನು ಲೈನನ್ನು ಬೆರಳ ನಡುವೆ ಮಡಿಸಿ ಉಗುರಿನಿಂದ ಸವರಿ ನೋಡಿದ. ಹೊದಿಕೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಎದ್ದಿದ್ದವು, ಒಂದು ಕಡೆಯಂತೂ ಒಳಗಿನ ಎಳೆಯೇ ಕಾಣುತ್ತಿತ್ತು. ರೂಮಿಗೆ ಬಂದು, ಲೈನು ಸುತ್ತಿ ಬಂದಿದ್ದ ಖಾಲಿ ಸ್ಪೂಲ್ ತೆಗೆದೆವು. ವ್ಯಾಪಾರಿ ತನ್ನದೇ ಒಂದು ಸ್ಟಿಕ್ಕರ್ ಅಂಟಿಸಿದ್ದ, 'ಸಾಲ್ಟ್‌ವಾಟರ್ ಆಲ್‌ರೌಂಡ್' ಅಂತ. ಬಿಸಿನೀರು ಹಚ್ಚಿ ಬಿಡಿಸಿದರೆ ಕೆಳಗೆ ಕಂಪನಿಯ ಅಚ್ಚು: 'ಟ್ರಾಪಿಕಲ್'. ಪಕ್ಕದಲ್ಲಿ ತೆಂಗಿನ ಗಿಡದ ಚಿತ್ರ ಬೇರೆ.

ಫೋಟೊ ಕಳಿಸಿದೆ. "ಯೂಸ್ ಮಾಡಿದ ಮಾಲು ವಾಪಸ್ ಇಲ್ಲ" ಅನ್ನುವ ಒಂದು ಸಾಲು ಬಂತು, ಆಮೇಲೆ ನನ್ನ ನಂಬರ್ ಬ್ಲಾಕ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆದರೆ ದೂರು ಕೊಡುವಾಗ ಕೈಯಲ್ಲಿ ಬಿಲ್ ಇದ್ದರೆ ಮಾತಿಗೆ ತೂಕ. ಬಿಲ್ ಬರುವವರೆಗೆ ಇಂಥವರಿಗೆ ಪೂರ್ತಿ ದುಡ್ಡು ಹಾಕಬೇಡಿ.

ರಾಡಿನದು ಇನ್ನೊಂದು ಕಥೆ. ಅದು ಎರಡೇ ತುಂಡಿನದು. 9 ಅಡಿಯನ್ನು ಎರಡು ಮಾಡಿದರೆ ಒಂದೊಂದೂ 137 ಸೆಂಟಿಮೀಟರ್, ಯಾವ ಸೂಟ್‌ಕೇಸಿಗೂ ಹಿಡಿಯುವುದಿಲ್ಲ. ವಿಮಾನದಲ್ಲಿ ಅದಕ್ಕೆ ಬೇರೆ ದುಡ್ಡು ತೆತ್ತೆ. ನಾಲ್ಕು ತುಂಡಿನದಾದರೆ ಸುಮಾರು 69 ಸೆಂಟಿಮೀಟರ್, ಬಟ್ಟೆಗಳ ನಡುವೆ ಮಲಗುತ್ತದೆ. ಅಲ್ಲಿನ ಸೀ ಟ್ರೌಟಿಗೆ 9 ಅಥವಾ 9.5 ಅಡಿಯ 6–7 ನಂಬರ್ ರಾಡೇ ಸಾಕು, ಗಾಳಿ ಜೋರಿದ್ದರೆ ಮಾತ್ರ 8. ದಿನವಿಡೀ ಬೀಸುವ ಭುಜಕ್ಕೆ ಆ ಒಂದು ನಂಬರಿನ ವ್ಯತ್ಯಾಸ ಗೊತ್ತಾಗುತ್ತದೆ.

ಈ ನಂಬರೂ ಬಾಯಿಮಾತಿನದಲ್ಲ. ರಾಡಿನ ನಂಬರು ಅಂದರೆ ಅದಕ್ಕೆ ಹೊಂದುವ ಲೈನಿನ ನಂಬರು. ಲೈನಿನ ತುದಿಯ ಮೊದಲ 30 ಅಡಿ ಎಷ್ಟು ತೂಗುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ: 6 ನಂಬರಿಗೆ 160 ಗ್ರೇನ್, ಅಂದರೆ 10.4 ಗ್ರಾಂ. 7ಕ್ಕೆ 12 ಗ್ರಾಂ, 8ಕ್ಕೆ 13.6. ರಜೆಗೆ ಊರಿಗೆ ಬಂದಾಗ ಗಂಗಾವತಿಯ ಬಂಗಾರದಂಗಡಿಯೊಂದರಲ್ಲಿ ಲೈನನ್ನು ತಕ್ಕಡಿಗೆ ಹಾಕಿಸಿದೆ. 30 ಅಡಿಗೇ 18 ಗ್ರಾಂ ತೋರಿಸಿತು, ಅದು 10 ನಂಬರಿನ ತೂಕ. ಈಗ ಎಷ್ಟೋ ಕಂಪನಿಗಳು ಬೇಕೆಂದೇ ಅರ್ಧ ನಂಬರು, ಒಂದು ನಂಬರು ಭಾರ ಮಾಡುತ್ತವೆ. ಆದರೆ 8ರ ರಾಡಿಗೆ 10ರ ಲೈನು ಸುತ್ತಿ ಕೊಡುವುದು ಗೋಡೌನಿನಲ್ಲಿ ಉಳಿದದ್ದನ್ನು ಸಾಗಹಾಕುವ ದಾರಿ.

ಇಲ್ಲೇ ಕೊಳ್ಳಲೇಬೇಕಾದರೆ ಬಿಸಿಲಿನಲ್ಲಿ ಬೀಸಿ ನೋಡಿ ಒಪ್ಪಬೇಡಿ, ಫ್ರಿಜ್‌ಗೆ ಹಾಕಿ ನೋಡಿ. ಮನೆಯ ಫ್ರಿಜ್ಜಿನ ಒಳಗೆ ಇರುವುದು ಹೆಚ್ಚುಕಡಿಮೆ 4 ಡಿಗ್ರಿ, ಅಲ್ಲಿನ ಚಳಿಗಾಲದ ಸಮುದ್ರವೂ ಅಷ್ಟೇ. ಲೈನಿನ ಹತ್ತಿಪ್ಪತ್ತು ಅಡಿಯನ್ನು ಸಣ್ಣ ಸುತ್ತು ಮಾಡಿ, ನೀರಿನ ಬಟ್ಟಲಲ್ಲಿ ಮುಳುಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತೆಗೆದ ತಕ್ಷಣ ಒಂದು ತುದಿ ಹಿಡಿದು ಜೋತು ಬಿಡಿ. ಒಳ್ಳೆಯ ಚಳಿ ಲೈನು ಒಮ್ಮೆ ಹಗುರಾಗಿ ಎಳೆದರೆ ನೆಟ್ಟಗೆ ನಿಲ್ಲುತ್ತದೆ. ನನ್ನದು ಬಟ್ಟಲಿನ ಆಕಾರದಲ್ಲೇ ಕೂತಿತ್ತು. ಅವ್ವ ಹಾಲು ತೆಗೆಯಲು ಹೋಗಿ, "ಮೊಸರಿನ ಮಗ್ಗಲಕ ಇದೇನೋ ವಾಯರ್ ನೆನೆ ಹಾಕೀಯಲ್ಲ?" ಅಂದಳು. ಪರೀಕ್ಷೆಯ ಫಲಿತಾಂಶ ಅವಳ ಬಾಯಲ್ಲೇ ಬಂತು.

ಪಾರದರ್ಶಕ ಲೈನಿನ ಬಗ್ಗೆ ಇನ್ನಷ್ಟು ಹುಷಾರಾಗಿರಿ. ನೀರಿನಲ್ಲಿ ಕಾಣದು ಅಂತ ಮಾರುತ್ತಾರೆ, ನಿಜವೇ. ಆದರೆ ಅವುಗಳೊಳಗೆ ಸಾಮಾನ್ಯವಾಗಿ ಒಂಟಿ ನೈಲಾನ್ ಎಳೆಯೇ ಇರುವುದರಿಂದ ಚಳಿಯಲ್ಲಿ ಸುರುಳಿ ಹೆಚ್ಚು. ಮೊದಲು ಕೊಳ್ಳುವ ಲೈನು ನೀರಿನ ಮೇಲೆ ತೇಲುವಂಥದ್ದಾಗಿರಲಿ. ಅಲ್ಲಿನ ದಂಡೆಯುದ್ದಕ್ಕೂ ಕಡಲಕಳೆ ಇರುತ್ತದೆ, ಮುಳುಗುವ ಲೈನು ಅದಕ್ಕೇ ಹೋಗಿ ತಗಲಿಕೊಳ್ಳುತ್ತದೆ. ಅಲೆ ಜಾಸ್ತಿಯಿದ್ದ ದಿನಕ್ಕೆ ನಿಧಾನ ಮುಳುಗುವ ಇಂಟರ್‌ಮೀಡಿಯೆಟ್ ಲೈನು ವಾಸಿ. ರಾಡು, ರೀಲು ಬೇಕಾದರೆ ಇಲ್ಲಿಂದ ಒಯ್ಯಿರಿ, ಲೈನು ಮಾತ್ರ ಅಲ್ಲಿನ ದಂಡೆಯ ಅಂಗಡಿಯಲ್ಲಿ ಕೊಳ್ಳಿ. ಆ ಅಂಗಡಿಯವನು ಮಾರುವುದು ತಾನು ನಿಂತು ಬೀಸುವ ನೀರಿಗೆ. ಡೆನ್ಮಾರ್ಕಿನಲ್ಲಿ 18 ದಾಟಿದ ಹೆಚ್ಚಿನವರಿಗೆ ಮೀನುಗಾರಿಕೆ ಪರವಾನಗಿ ಬೇಕು, ಸೀ ಟ್ರೌಟ್ 40 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ನೀರಿಗೇ ಬಿಡಬೇಕು.

ಅಲ್ಲಿ ಕೊಂಡ ಚಳಿ ಲೈನನ್ನು ಊರಿಗೆ ತಂದು ಬೇಸಿಗೆಯಲ್ಲಿ ಬೀಸುವ ಆಸೆಯೂ ಬೇಡ. ನಮ್ಮ ಬಿಸಿಲಿಗೆ ಅದು ಬೆರಳಿಗೆ ಅಂಟುತ್ತದೆ. ಅದೂ ಅಲ್ಲದೆ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ತುಂಗಭದ್ರಾ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅಲ್ಲಿ ಗಾಳ ಬೀಸಿ ತೋರಿಸುವ ಶೋಕಿ ಯಾರಿಗೂ ಬೇಡ.

ಆ ವ್ಯಾಪಾರಿಯ ಜಾಹೀರಾತು ಅದೇ ಸ್ಟಿಕ್ಕರಿನ ಫೋಟೊ ಸಮೇತ ಈಗಲೂ ಓಡಾಡುತ್ತಿದೆ. ಅಂಥದ್ದು ಕಂಡರೆ ದುಡ್ಡು ಹಾಕುವ ಮೊದಲು ಸ್ಟಿಕ್ಕರ್ ಇಲ್ಲದ ಸ್ಪೂಲಿನ ಫೋಟೊ ಕೇಳಿ, ಕಂಪನಿ ಯಾವ ನೀರಿಗೆ ಅಂತ ಬರೆದಿದೆಯೋ ಅದು ಓದುವಷ್ಟು ಹತ್ತಿರದಿಂದ ತೆಗೆದದ್ದು.