ಟ್ಯಾಗ್ ಬಂತು ಅಂತ ಆಗಸ್ಟ್‌ನಲ್ಲೇ ಕೋಫಾ ಗುಡ್ಡ ಹತ್ತಬೇಡಿ

ಅರಿಜೋನಾದಲ್ಲಿ ಡೆಸರ್ಟ್ ಬಿಗ್‌ಹಾರ್ನ್ (ಮರಳುಗಾಡಿನ ಕಾಡುಕುರಿ) ಬೇಟೆಯ ಟ್ಯಾಗ್, ಅಂದರೆ ಪರವಾನಗಿ, ಸಿಕ್ಕವರು ದಯವಿಟ್ಟು ಇದನ್ನು ಪೂರ್ತಿ ಓದಿ. ಐವತ್ತು ದಾಟಿದವರಂತೂ ಓದಲೇಬೇಕು. ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ನನ್ನ ಭಾವನನ್ನು ನಾನು ಆ ಗುಡ್ಡದಲ್ಲಿ ಕಳೆದುಕೊಳ್ಳುವುದರಲ್ಲಿದ್ದೆ.

ಭಾವ ಫೀನಿಕ್ಸ್‌ಗೆ ಬಂದು ಮೂವತ್ತು ವರ್ಷ ಆಗುತ್ತಾ ಬಂತು. ಇಪ್ಪತ್ತೊಂದು ವರ್ಷದಿಂದ ಬಿಡದೆ ಅರ್ಜಿ ಹಾಕುತ್ತಿದ್ದರು. ಇಲ್ಲಿ ಸುಮ್ನೆ ಹೋಗಿ ಬೇಟೆ ಆಡುವ ಹಾಗಿಲ್ಲ. ಚೀಟಿ ಎತ್ತುತ್ತಾರೆ, ಹೆಸರು ಬಂದರೆ ಟ್ಯಾಗ್. ಬಾರದಿದ್ದರೆ ಒಂದು ಬೋನಸ್ ಪಾಯಿಂಟ್ ಸೇರುತ್ತೆ, ಮುಂದಿನ ವರ್ಷ ಮತ್ತೆ ಅರ್ಜಿ. ಹೊಡೆಯುವುದು ಟಗರನ್ನು ಮಾತ್ರ, ಅದೂ ಜೀವಮಾನಕ್ಕೆ ಒಂದೇ. ಹಾಗಾಗಿ ಹೆಸರು ಬಂದ ದಿನ ಭಾವ ಎಷ್ಟು ಖುಷಿಪಟ್ಟರು ಅಂತ ಹೇಳಬೇಕಾಗಿಲ್ಲ. ಅಕ್ಕ ಪಾಯಸ ಮಾಡಿದ್ದಳು.

ನಾವು ವಿರಾಜಪೇಟೆ ಕಡೆಯವರು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವರು. 1972ರ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ನಿಂತಿತು, ಅದು ಸರಿಯಾದದ್ದೇ. ಆದರೆ ಅಜ್ಜ ಹೇಳಿದ ಕಾಡಿನ ಪಾಠಗಳು ಮನಸ್ಸಿನಲ್ಲಿ ಉಳಿದಿದ್ದವು. ದಾರಿ ತಪ್ಪಿದರೆ ಕೊಲ್ಲಿ (ಗುಡ್ಡದ ನಡುವಿನ ಹಳ್ಳ) ಹಿಡಿದು ಇಳಿ, ನೀರು ಸಿಗುತ್ತೆ, ನೀರಿನ ಜೊತೆ ನಡೆದರೆ ಊರು ಸಿಗುತ್ತೆ. ಕೊಡಗಿನಲ್ಲಿ ಈ ಮಾತು ಜೀವ ಉಳಿಸುತ್ತೆ. ಕೋಫಾದಲ್ಲಿ ಇದೇ ಮಾತು ನಮ್ಮನ್ನು ಸಿಕ್ಕಿಹಾಕಿಸಿತು.

ಕೋಫಾ ಇರುವುದು ಕ್ವಾರ್ಟ್‌ಸೈಟ್ ಮತ್ತು ಯೂಮಾ ನಡುವೆ, 95ನೇ ಹೆದ್ದಾರಿಯ ಪೂರ್ವಕ್ಕೆ. ಈ ಟಗರುಗಳನ್ನು ಉಳಿಸಬೇಕು ಅಂತಲೇ 1939ರಲ್ಲಿ ಮಾಡಿದ ವನ್ಯಧಾಮ. ಸುಮಾರು 2,700 ಚದರ ಕಿಲೋಮೀಟರ್. ಜ್ವಾಲಾಮುಖಿ ಕಲ್ಲಿನ ಗುಡ್ಡಗಳು, ಕೈ ಇಟ್ಟಲ್ಲಿ ಪುಡಿಯಾಗಿ ಉದುರುವ ಬಂಡೆ, ಬಟ್ಟೆ ದಾಟಿ ಚರ್ಮಕ್ಕೆ ನಾಟುವ ಚೋಯಾ ಕಳ್ಳಿ. ಗುರುತು ಮಾಡಿದ ರಸ್ತೆ ಬಿಟ್ಟು ಗಾಡಿ ಓಡಿಸುವಂತಿಲ್ಲ. ಬಹಳ ಕಡೆ ಫೋನಿಗೆ ಸಿಗ್ನಲ್ ಇಲ್ಲ.

ಬೇಟೆ ಇರುವುದು ಡಿಸೆಂಬರ್‌ನಲ್ಲಿ. ಆದರೆ ಭಾವನಿಗೆ ಅಲ್ಲಿಯವರೆಗೆ ತಡೆಯಲಾಗಲಿಲ್ಲ. "ಟಗರು ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೊಂಡರೆ ಒಳ್ಳೆಯದು, ಬಾ" ಅಂದರು. ನಾನೂ ಹೂಂ ಅಂದೆ. ತಲಾ ಮೂರು ಲೀಟರ್ ನೀರು ತೆಗೆದುಕೊಂಡು ಬೆಳಗಿನ ಜಾವ ಗಾಡಿ ಬಿಟ್ಟು ನಡೆದೆವು. ಹತ್ತು ಗಂಟೆಗೆ ವಾಪಸ್ ಬರುವ ಲೆಕ್ಕ.

ಎಂಟು ಗಂಟೆಗೆ ಎದುರು ಗುಡ್ಡದಲ್ಲಿ ಬಿಳಿ ಕಂಡಿತು. ಇವುಗಳ ಮೈ ಕಲ್ಲಿನ ಬಣ್ಣದ್ದು, ಹಿಂಭಾಗದ ಬಿಳಿ ಮಚ್ಚೆಯೇ ಮೊದಲು ಕಣ್ಣಿಗೆ ಬೀಳುವುದು. ಮೂರು ಟಗರು, ಅದರಲ್ಲಿ ಒಂದರ ಕೊಂಬು ಪೂರ್ತಿ ಸುತ್ತು ಬಂದಿತ್ತು. ಇನ್ನೊಂದು ಏಣು, ಇನ್ನೊಂದು ಏಣು ಅಂತ ಹಿಂದೆ ಹೋದೆವು. ಹನ್ನೊಂದಕ್ಕೆ ನೀರು ಮುಗಿಯಿತು. ಬಿಸಿಲು ಆಗಲೇ 40 ಡಿಗ್ರಿ ದಾಟಿತ್ತು.

ಫೋನಿನ ಮ್ಯಾಪ್‌ನಲ್ಲಿ ಕೆಳಗಿನ ಕೊಲ್ಲಿಯಲ್ಲಿ ನೀಲಿ ಚುಕ್ಕೆ ಇತ್ತು. ಮಳೆ ನೀರು ನಿಲ್ಲುವ ಬಂಡೆಗುಂಡಿ, ಇಲ್ಲಿನವರು ಟಿನಾಹ ಅನ್ನುತ್ತಾರೆ. ಬಂದ ದಾರಿ ಹತ್ತುವ ಬದಲು ಅಲ್ಲಿಗೆ ಇಳಿದೆವು. ಗುಂಡಿಯಲ್ಲಿ ಇದ್ದದ್ದು ಒಂದಿಷ್ಟು ಕೆಸರು, ಅದರ ಮೇಲೆ ಜೇನುನೊಣಗಳ ಹಿಂಡು. ಮ್ಯಾಪ್ ಹೇಳುವುದು ಗುಂಡಿ ಇದೆ ಅಂತ ಅಷ್ಟೇ. ನೀರು ಇದೆಯಾ ಅಂತ ಅದಕ್ಕೆ ಗೊತ್ತಿಲ್ಲ. ಆ ವರ್ಷ ಅಲ್ಲಿ ಮಳೆ ಬಿದ್ದಿರಲಿಲ್ಲ.

ಇನ್ನೂ ಕೆಳಗೆ ಹೋದರೆ ರಸ್ತೆ ಸಿಗಬಹುದು ಅಂದುಕೊಂಡು ಇನ್ನೂರು ಹೆಜ್ಜೆ ಇಳಿದರೆ ಕೊಲ್ಲಿ ಅಲ್ಲೇ ಮುಗಿಯಿತು. ಮೂರು ಆಳೆತ್ತರದ ಒಣ ಜಲಪಾತ. ಮಳೆ ಬಂದಾಗ ಮಾತ್ರ ನೀರು ಧುಮುಕುವ ಜಾಗ. ಕೋಫಾದ ಕೊಲ್ಲಿಗಳಲ್ಲಿ ಇಂಥದ್ದು ಎಷ್ಟೋ ಇವೆ. ಹತ್ತುವುದು ಸುಲಭ, ಇಳಿಯುವುದು ಕಷ್ಟ.

ಅಲ್ಲೇ ಭಾವ ಕೂತುಬಿಟ್ಟರು. ಮುಖ ಕೆಂಪಗಾಗಿತ್ತು, ಹಣೆ ಒಣಗಿತ್ತು, ಒಂದು ಹನಿ ಬೆವರಿಲ್ಲ. "ಏಳಿ ಭಾವ, ನೆರಳಿಗೆ ಹೋಗೋಣ" ಅಂದೆ. ಅವರು ನನ್ನನ್ನೇ ನೋಡುತ್ತಾ, "ಗ್ಯಾಸ್ ಆಫ್ ಮಾಡಿದ್ಯಾ?" ಅಂತ ಕೇಳಿದರು. ಮತ್ತೆ ಅದನ್ನೇ ಕೇಳಿದರು. ಆ ಮಾತು ಈಗಲೂ ರಾತ್ರಿ ಕಿವಿಯಲ್ಲಿ ಕೇಳುತ್ತೆ. ಬಿಸಿಲಿನಲ್ಲಿ ಜೊತೆಯವರು ಸಂಬಂಧವಿಲ್ಲದ ಮಾತು ಆಡಿದರೆ ಅದು ಸುಸ್ತಲ್ಲ. ಮೆದುಳಿಗೆ ಶಾಖ ತಗುಲಿದೆ ಅಂತ ಅರ್ಥ. ಆ ಕ್ಷಣದಿಂದ ಒಂದೊಂದು ನಿಮಿಷವೂ ಮುಖ್ಯ.

ಬ್ಯಾಗಿನಲ್ಲಿ ಇನ್‌ರೀಚ್ ಇತ್ತು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ. ತೆಗೆದು ಒತ್ತಿದೆ. ಸಂದೇಶ ಹೋಗಲಿಲ್ಲ. ಭಾವ ಅದನ್ನು ಕೊಂಡಿದ್ದರು, ಆದರೆ ಚಂದಾ ಕಟ್ಟಿರಲಿಲ್ಲ. ಡಿಸೆಂಬರ್‌ಗೆ ಕಟ್ಟಿದರಾಯಿತು ಅಂದುಕೊಂಡಿದ್ದರಂತೆ. ಚಂದಾ ಇಲ್ಲದಿದ್ದರೆ ಅದರ ಎಸ್‌ಒಎಸ್ ಗುಂಡಿ ಕೂಡ ಕೆಲಸ ಮಾಡುವುದಿಲ್ಲ. ಅಂಗಡಿಯಿಂದ ತಂದ ದಿನವೇ ಚಂದಾ ಕಟ್ಟಿ, ಮನೆ ಅಂಗಳದಲ್ಲಿ ನಿಂತು ಒಂದು ಸಂದೇಶ ಕಳಿಸಿ ನೋಡಿ.

ಭಾವನನ್ನು ಹೇಗೋ ಬಂಡೆಯ ನೆರಳಿಗೆ ಎಳೆದು ತಂದೆ. ಟವೆಲನ್ನು ಆ ಕೆಸರಿನಲ್ಲಿ ಅದ್ದಿ ಕುತ್ತಿಗೆಗೆ, ಕಂಕುಳಿಗೆ ಸುತ್ತಿದೆ. ಜೇನುನೊಣ ಕಚ್ಚಿದ್ದು ಆಗ ಗೊತ್ತೇ ಆಗಲಿಲ್ಲ. ಅವರನ್ನು ಒಬ್ಬರನ್ನೇ ಬಿಟ್ಟು ಗುಡ್ಡದ ಏಣಿನ ಮೇಲಕ್ಕೆ ಹತ್ತಿದೆ. ಮೇಲೆ ತಲುಪಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು. ಒಂದೇ ಒಂದು ಗೆರೆ ಸಿಗ್ನಲ್ ಬಂತು, 911ಕ್ಕೆ ಕರೆ ಹೋಯಿತು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಆರು ದಿನ ಆಸ್ಪತ್ರೆ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆ ಬಿದ್ದಿತ್ತು. ಡಾಕ್ಟರ್ ಮೊದಲು ಕೇಳಿದ್ದು ಮಾತ್ರೆಗಳ ಪಟ್ಟಿ. ಭಾವ ಬಿಪಿಗೆ ಅಂತ ಮೂತ್ರ ಜಾಸ್ತಿ ಹೋಗುವ ಮಾತ್ರೆ ತಗೊಳ್ತಾರೆ. ಅಂಥ ಮಾತ್ರೆ ಇದ್ದರೆ ಮೈಯಲ್ಲಿನ ನೀರು ಬೇಗ ಖಾಲಿಯಾಗುತ್ತೆ. ನಮ್ಮವರಲ್ಲಿ ಎಷ್ಟು ಜನ ಇದನ್ನು ತಗೊಳ್ತಾರೆ ಅಲ್ವಾ? ಗುಡ್ಡಕ್ಕೆ ಹೋಗುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಆಮೇಲೆ ಗೊತ್ತಾದ ಸಂಗತಿ ನನಗೆ ಇನ್ನೂ ಹೊಟ್ಟೆ ಉರಿಸುತ್ತೆ. ಅಷ್ಟು ಕಷ್ಟಪಟ್ಟು ನೋಡಿಟ್ಟ ಟಗರುಗಳಿಂದ ಏನೂ ಉಪಯೋಗ ಇರಲಿಲ್ಲ. ಆಗಸ್ಟ್ ಇವುಗಳ ಬೆದೆಗಾಲ. ಟಗರುಗಳು ಹೆಣ್ಣು ಕುರಿಗಳನ್ನು ಹುಡುಕಿಕೊಂಡು, ನೀರಿನ ಆಸುಪಾಸಿನಲ್ಲಿ ತಿರುಗುತ್ತವೆ. ಬೆದೆ ಮುಗಿದ ಮೇಲೆ ದೊಡ್ಡ ಟಗರುಗಳು ತಮ್ಮದೇ ಗುಂಪು ಕಟ್ಟಿಕೊಂಡು ಬೇರೆ ಕಡೆ ಹೋಗುತ್ತವೆ. ಚಳಿಗಾಲದಲ್ಲಿ ಹಸಿರು ಮೇವಿನಲ್ಲೇ ನೀರು ಸಿಗುವುದರಿಂದ ಗುಂಡಿಯ ಹತ್ತಿರ ಬರಲೇಬೇಕು ಅಂತಲೂ ಇಲ್ಲ. ಆಗಸ್ಟ್‌ನಲ್ಲಿ ಕಂಡ ಜಾಗದಲ್ಲಿ ಡಿಸೆಂಬರ್‌ಗೆ ಅವು ಇರುತ್ತವೆ ಅಂತ ನಂಬುವ ಹಾಗಿಲ್ಲ.

ಬೇಸಿಗೆಯಲ್ಲಿ ಮಾಡುವ ಕೆಲಸ ಬೇರೆ ಇದೆ. ಆ ಭಾಗದ ವನ್ಯಜೀವಿ ಇಲಾಖೆಯ ಜೀವಶಾಸ್ತ್ರಜ್ಞರಿಗೆ ಫೋನ್ ಮಾಡಿ, ಟ್ಯಾಗ್ ಇದೆ ಅಂತ ಹೇಳಿ ಕೇಳಿ. ಅರಿಜೋನಾ ಡೆಸರ್ಟ್ ಬಿಗ್‌ಹಾರ್ನ್ ಶೀಪ್ ಸೊಸೈಟಿಯವರು ಟ್ಯಾಗ್ ಬಂದವರಿಗೆ ಶಿಬಿರ ನಡೆಸುತ್ತಾರೆ, ಕೊಂಬಿನ ಉಂಗುರ ಎಣಿಸಿ ವಯಸ್ಸು ಗುರುತಿಸುವುದನ್ನು ಅಲ್ಲಿ ಕಲಿಯಬಹುದು. ಊರಿನಲ್ಲೇ ಬೆಳಗಿನ ಹೊತ್ತು ಭಾರ ಹೊತ್ತು ಮೆಟ್ಟಿಲು ಹತ್ತಿ ಇಳಿಯಿರಿ. ಟಗರು ಹುಡುಕಲು ನವೆಂಬರ್ ಮಧ್ಯದಿಂದ ಹೋದರೆ ಸಾಕು. ಆಗಲೂ ಮೊದಲು ಗುಡ್ಡ ಹತ್ತಬೇಡಿ. ರಸ್ತೆ ಬದಿಯಲ್ಲೇ ಟ್ರೈಪಾಡ್ ಮೇಲೆ ಬೈನಾಕ್ಯುಲರ್ ಕೂರಿಸಿ, ಸೂರ್ಯ ಬೆನ್ನಿಗಿರುವಂತೆ ಕೂತು, ಗಂಟೆಗಟ್ಟಲೆ ನೋಡಿ.

ಭಾವ ಚೇತರಿಸಿಕೊಂಡರು. ಡಿಸೆಂಬರ್‌ನಲ್ಲಿ ಹೋದೆವು, ಗಾಡಿಯಲ್ಲಿ ಎಪ್ಪತ್ತು ಲೀಟರ್ ನೀರು ಇಟ್ಟುಕೊಂಡು. ಒಂಬತ್ತನೇ ದಿನ ಸಿಕ್ಕಿದ ಮುದಿ ಟಗರು ಆಗಸ್ಟ್‌ನಲ್ಲಿ ನಾವು ಅಲೆದ ಜಾಗದಿಂದ ತುಂಬಾ ದೂರದಲ್ಲಿತ್ತು. ಈ ಸಲ ಯಾರಿಗಾದರೂ ಕೋಫಾ ಕಡೆಯ ಟ್ಯಾಗ್ ಬಂದಿದ್ದರೆ ತಿಳಿಸಿ. ನವೆಂಬರ್ ಮೂರನೇ ವಾರ ನನಗೆ ರಜೆ ಇದೆ, ಬೈನಾಕ್ಯುಲರ್ ಹಿಡಿದು ಜೊತೆಗೆ ಕೂರಲು ನಾನು ಬರುತ್ತೇನೆ. ನೀರನ್ನೂ ನಾನೇ ತರುತ್ತೇನೆ.