ದೊಡ್ಡ ಬ್ರ್ಯಾಂಡಿನ ಸೈಕಲ್ ನಂಬಬಹುದಾ? ಹಲವು ವರ್ಷ ಓಡಿಸಿದವರ ಮಾತು

ನಾನು ಓಡಿಸುವುದು ಜಗತ್ತಿನ ನಾಲ್ಕೈದು ದೊಡ್ಡ ಸೈಕಲ್ ಕಂಪನಿಗಳಲ್ಲಿ ಒಂದರ ಮಧ್ಯಮ ಮಟ್ಟದ ರೋಡ್ ಬೈಕ್. ಅಲ್ಯುಮಿನಿಯಂ ಫ್ರೇಮ್, ಮುಂದಿನ ಚಕ್ರ ಹಿಡಿಯುವ ಕಾರ್ಬನ್ ಫೋರ್ಕ್, ಡಿಸ್ಕ್ ಬ್ರೇಕ್, ಹಿಂದೆ 11 ಹಲ್ಲುಚಕ್ರಗಳ ಕ್ಯಾಸೆಟ್, ಅಂದರೆ 11 ಸ್ಪೀಡ್. ಹೊಸದಾಗಿಯೇ ಕೊಂಡಿದ್ದು. ಆಮೇಲೆ ಮಳೆ, ಧೂಳು, ಕಿತ್ತುಹೋದ ರಸ್ತೆ ಎಲ್ಲವನ್ನೂ ನೋಡಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಯಾಕೆಂದರೆ ಇಲ್ಲಿ ಹೇಳುವ ಒಳ್ಳೆಯದು, ಕೆಟ್ಟದ್ದು ಎರಡೂ ಈ ಮಟ್ಟದ ಬೇರೆ ದೊಡ್ಡ ಹೆಸರುಗಳಿಗೂ ಬಹುಪಾಲು ಹೊಂದುತ್ತವೆ.

ಇಂಥ ಸೈಕಲ್ ಬಗ್ಗೆ ಸವಾರರ ಅಭಿಪ್ರಾಯ ಎರಡು ಥರ ಇರುತ್ತದೆ. "ದೊಡ್ಡ ಕಂಪನಿ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಎನ್ನುವವರು ಒಂದು ಕಡೆ. "ಎಲ್ಲರ ಹತ್ತಿರವೂ ಇರುತ್ತೆ, ಅದರಲ್ಲಿ ವಿಶೇಷ ಏನಿದೆ?" ಎನ್ನುವವರು ಇನ್ನೊಂದು ಕಡೆ. ಎರಡನೆಯ ಮಾತು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ತೈವಾನಿನ ಜೈಂಟ್ ಕಂಪನಿಯನ್ನೇ ನೋಡಿ. 1972ರಲ್ಲಿ ಶುರುವಾಯಿತು. ವರ್ಷಗಟ್ಟಲೆ ಅಮೆರಿಕದ ಶ್ವಿನ್‌ನಂಥ ಕಂಪನಿಗಳಿಗೆ ಸೈಕಲ್ ಮಾಡಿಕೊಟ್ಟಿತು. ಸ್ವಂತ ಬ್ರ್ಯಾಂಡ್ ತಂದಿದ್ದು 1981ರಲ್ಲಿ. 1990ರ ದಶಕದ ಕೊನೆಗೆ ಇಂಗ್ಲೆಂಡಿನ ವಿನ್ಯಾಸಕಾರ ಮೈಕ್ ಬರೋಸ್ ಅವರಿಂದ ಟಿಸಿಆರ್ ಎಂಬ ಮಾದರಿಯನ್ನು ಮಾಡಿಸಿತು. ಅದರ ಮೇಲಿನ ಪೈಪು ಹಿಂದಕ್ಕೆ ಇಳಿಜಾರಾಗಿತ್ತು. ಆಗ ಅದನ್ನು ವಿಚಿತ್ರವಾಗಿ ನೋಡಿದವರೂ ಇದ್ದರು. ಇವತ್ತು ಹೆಚ್ಚಿನ ರೋಡ್ ಬೈಕುಗಳ ಆಕಾರವೇ ಅದು. ಅದೇ 1972ರಲ್ಲಿ ತೈವಾನಿನಲ್ಲೇ ಹುಟ್ಟಿದ ಮೆರಿಡಾ 2001ರಲ್ಲಿ ಅಮೆರಿಕದ ಸ್ಪೆಶಲೈಸ್ಡ್ ಕಂಪನಿಯ ದೊಡ್ಡ ಪಾಲು ಕೊಂಡಿತು. ಅಂದರೆ ಕೆಲವರು ಮೂಗು ಮುರಿಯುವ ಹೆಸರು, ಅವರೇ ಆಸೆಪಡುವ ಹೆಸರಿನ ಹಿಂದೆಯೂ ಇದೆ.

ಹಾಗಂತ ಕಣ್ಣು ಮುಚ್ಚಿಕೊಂಡು ಕೊಳ್ಳಬೇಕಾ? ಖಂಡಿತ ಬೇಡ. ನನ್ನ ಸೈಕಲ್ಲಿನ ಫ್ರೇಮ್ ಮತ್ತು ಫೋರ್ಕ್ ಇಷ್ಟು ವರ್ಷದಲ್ಲಿ ಒಂದು ಸಣ್ಣ ತೊಂದರೆಯನ್ನೂ ಕೊಟ್ಟಿಲ್ಲ. ವೆಲ್ಡ್ ಗಟ್ಟಿಯಾಗಿದೆ, ಎಲ್ಲೂ ಬಿರುಕಿಲ್ಲ. ತೊಂದರೆ ಬಂದಿದ್ದೆಲ್ಲ ಫ್ರೇಮಿಗೆ ಜೋಡಿಸಿದ ವಸ್ತುಗಳಿಂದ. ಅದರಲ್ಲೂ ಕೊಳ್ಳುವಾಗ ಯಾರೂ ನೋಡದ ವಸ್ತುಗಳಿಂದ.

ಈ ದರ್ಜೆಯಲ್ಲಿ ಬಹಳ ಕಂಪನಿಗಳು ಮಾಡುವ ಕೆಲಸ ಒಂದಿದೆ. ಎಲ್ಲರ ಕಣ್ಣಿಗೆ ಬೀಳುವ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಒಳ್ಳೆಯದು ಹಾಕುತ್ತಾರೆ. ಚೈನ್, ಕ್ಯಾಸೆಟ್, ಹಬ್ (ಚಕ್ರದ ನಡುಭಾಗ), ಚಕ್ರಗಳಲ್ಲಿ ಉಳಿತಾಯ ಮಾಡುತ್ತಾರೆ. ನನಗೆ ಮೊದಲು ಕೈ ಕೊಟ್ಟಿದ್ದು ಹಿಂದಿನ ಚಕ್ರ. ಕಡ್ಡಿಗಳು ಒಂದಾದ ಮೇಲೊಂದು ಮುರಿಯತೊಡಗಿದವು. ಯಂತ್ರದಲ್ಲಿ ಕಟ್ಟಿದ ಅಗ್ಗದ ಚಕ್ರದಲ್ಲಿ ಎಲ್ಲ ಕಡ್ಡಿಗಳ ಬಿಗಿ ಒಂದೇ ಸಮ ಇರುವುದಿಲ್ಲ. ಸಡಿಲ ಇರುವ ಕಡ್ಡಿ ಚಕ್ರದ ಪ್ರತಿ ಸುತ್ತಿನಲ್ಲೂ ಎಳೆದು ಬಿಟ್ಟು, ಎಳೆದು ಬಿಟ್ಟು ದಣಿಯುತ್ತದೆ. ಕೊನೆಗೆ ಹಬ್ ಹತ್ತಿರ ಬಾಗುವ ಜಾಗದಲ್ಲಿ ತುಂಡಾಗುತ್ತದೆ. ವಾರಂಟಿ ಕೇಳಿದರೆ "ಇದು ಸಹಜ ಸವೆತ" ಎಂದು ಜಾರಿಕೊಂಡರು. ಅದು ನನಗೆ ಈಗಲೂ ಸರಿ ಅನ್ನಿಸಿಲ್ಲ. ಒಂದು ಮುರಿದರೆ ಸವೆತ, ಸರಿ. ಸಾಲಾಗಿ ಮುರಿದರೆ ಚಕ್ರ ಕಟ್ಟಿದ ರೀತಿಯಲ್ಲೇ ದೋಷ ಇದೆ, ಅಲ್ವಾ? ಕೊನೆಗೆ ಒಬ್ಬ ಒಳ್ಳೆಯ ಮೆಕ್ಯಾನಿಕ್ ಅದೇ ಹಬ್, ಅದೇ ರಿಮ್ ಇಟ್ಟುಕೊಂಡು ಹೊಸ ಕಡ್ಡಿ ಹಾಕಿ ಕೈಯಲ್ಲೇ ಚಕ್ರ ಕಟ್ಟಿಕೊಟ್ಟರು. ಆಮೇಲೆ ಒಂದೂ ಮುರಿದಿಲ್ಲ.

ಎರಡನೆಯದು ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ತಿರುಗುವ ಅಚ್ಚಿನ ಬೇರಿಂಗ್ ಜಾಗದ ಸದ್ದು. ನನ್ನದು ಪ್ರೆಸ್ ಫಿಟ್. ಅಂದರೆ ಬೇರಿಂಗನ್ನು ತಿರುಪಿನಂತೆ ತಿರುಗಿಸಿ ಕೂರಿಸುವುದಿಲ್ಲ, ಒತ್ತಿ ಕೂರಿಸುತ್ತಾರೆ. ಫ್ರೇಮಿನ ರಂಧ್ರದ ಅಳತೆ ಕೂದಲೆಳೆಯಷ್ಟು ಆಚೀಚೆ ಆದರೂ ಏರು ಹತ್ತುವಾಗ ಪ್ರತಿ ತುಳಿತಕ್ಕೂ ಕಿರ್ ಕಿರ್. ತೆಗೆದು, ಒರೆಸಿ, ಗ್ರೀಸ್ ಹಚ್ಚಿ ಹಾಕಿದರೆ ಸ್ವಲ್ಪ ಕಾಲ ಸುಮ್ಮನಿರುತ್ತದೆ. ಆಮೇಲೆ ಮತ್ತೆ ಅದೇ. ಇದು ನನ್ನೊಬ್ಬನ ದೂರಲ್ಲ. ಸವಾರರು ವರ್ಷಗಟ್ಟಲೆ ಬೈದ ಮೇಲೆ ಕಂಪನಿಗಳೇ ತಿರುಪಿನ ಕಡೆಗೆ ವಾಪಸ್ ಬಂದವು. 2020ರಲ್ಲಿ ಸ್ಪೆಶಲೈಸ್ಡ್ ತನ್ನ ಟಾರ್ಮ್ಯಾಕ್ ಎಸ್ಎಲ್7ರಲ್ಲಿ, ಅಮೆರಿಕದ ಇನ್ನೊಂದು ಕಂಪನಿ ಟ್ರೆಕ್ ತನ್ನ ಎಮೊಂಡಾದಲ್ಲಿ ತಿರುಪಿನ ಬಾಟಮ್ ಬ್ರಾಕೆಟ್ ತಂದವು. ದುಬಾರಿ ರೇಸ್ ಬೈಕುಗಳಲ್ಲೇ ಹೀಗೆ ಮಾಡಿದ್ದು ನನಗೆ ತುಂಬಾ ಸಂತೋಷ ಕೊಟ್ಟ ಸಂಗತಿ.

ಇನ್ನು ಕೆಲವು ದೂರುಗಳನ್ನು ಬ್ರ್ಯಾಂಡ್ ತಲೆಗೆ ಕಟ್ಟುವುದು ಅನ್ಯಾಯ. ಚೈನ್ ಸವೆದು ಗೇರ್ ಜಾರಿದರೆ "ಈ ಕಂಪನಿ ಸರಿಯಿಲ್ಲ" ಎನ್ನುವವರನ್ನು ನೋಡಿದ್ದೇನೆ. ಯಾವ ಸೈಕಲ್ ಆದರೂ ಚೈನಿನ ಎರಡು ಪಿನ್‌ಗಳ ನಡುವಿನ ಅಳತೆ 12.7 ಮಿಲಿಮೀಟರ್. ಅದು ಅರ್ಧ ಶೇಕಡಾದಷ್ಟು ಹಿಗ್ಗಿತೆಂದರೆ 11 ಸ್ಪೀಡಿನಲ್ಲಿ ಚೈನ್ ಬದಲಿಸುವ ಹೊತ್ತು ಬಂತು ಅಂತಲೇ ಲೆಕ್ಕ. ಬಿಟ್ಟರೆ ಕ್ಯಾಸೆಟ್ಟನ್ನೂ ತಿನ್ನುತ್ತದೆ. ಅಳೆಯುವ ಸಣ್ಣ ಗೇಜ್ ಒಂದಿದ್ದರೆ ಸಾಕು.

ರಿಕಾಲ್, ಅಂದರೆ ಮಾರಿದ ಮಾಲನ್ನು ದೋಷಕ್ಕಾಗಿ ಕಂಪನಿ ವಾಪಸ್ ಕರೆಯುವುದರ ಬಗ್ಗೆಯೂ ಇದೇ ಗೊಂದಲ. 2015ರಲ್ಲಿ ಟ್ರೆಕ್ ಮುಂದಿನ ಚಕ್ರದ ಕ್ವಿಕ್ ರಿಲೀಸ್ (ಚಕ್ರವನ್ನು ಬೇಗ ಬಿಚ್ಚಲು ಇರುವ ಸನ್ನೆ) ದೋಷಕ್ಕಾಗಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್‌ಗಳ ರಿಕಾಲ್ ಮಾಡಿತು. ಸನ್ನೆ ಪೂರ್ತಿ ತೆರೆದುಕೊಂಡರೆ ಡಿಸ್ಕ್ ಬ್ರೇಕಿಗೆ ಸಿಕ್ಕಿಕೊಳ್ಳುವ ಅಪಾಯ ಇತ್ತು. 2023ರಲ್ಲಿ ಜಪಾನಿನ ಬಿಡಿಭಾಗ ಕಂಪನಿ ಶಿಮಾನೊ 11 ಸ್ಪೀಡಿನ ಕ್ರ್ಯಾಂಕ್‌ಗಳನ್ನು (ಪೆಡಲ್ ಕೂರುವ ತೋಳುಗಳನ್ನು) ಪರೀಕ್ಷೆಗೆ ಕರೆಯಿತು. ಅಂಟಿನಿಂದ ಕೂಡಿಸಿದ ಭಾಗ ಬಿಟ್ಟುಕೊಳ್ಳುತ್ತಿತ್ತು. ಅಮೆರಿಕ ಒಂದರಲ್ಲೇ ಸುಮಾರು 6,80,000. ಇಂಥ ಸುದ್ದಿ ಓದಿ ಹೆದರುವುದು ಸಹಜ. ಆದರೆ ನನ್ನ ಪಾಲಿಗೆ ರಿಕಾಲ್ ಭರವಸೆಯ ಕಡೆಗೇ ತೂಗುತ್ತದೆ. ಲಕ್ಷಗಟ್ಟಲೆ ಮಾರುವವರ ದೋಷ ಬಯಲಿಗೆ ಬರುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಕಡಿಮೆ ಮಾರುವ ಚೆಂದದ ಹೆಸರಿನಲ್ಲಿ ಅದೇ ದೋಷ ಇದ್ದರೆ ಯಾರಿಗೆ ಗೊತ್ತಾಗುತ್ತದೆ? ಶಿಮಾನೊ ಮೇಲೆ ನನ್ನ ತಕರಾರು ಬೇರೆ. ಅದು ಎಲ್ಲ ಕ್ರ್ಯಾಂಕ್ ಬದಲಿಸಲಿಲ್ಲ. ತಪಾಸಣೆಯಲ್ಲಿ ಬಿಟ್ಟುಕೊಂಡ ಲಕ್ಷಣ ಕಂಡವನ್ನು ಮಾತ್ರ ಬದಲಿಸಿತು. ಕಾಲಿನ ಭಾರ ಹೊರುವ ವಸ್ತುವಿನಲ್ಲಿ ಇಷ್ಟು ಜಿಪುಣತನ ಸಲ್ಲದು.

ನನ್ನ ಸೈಕಲ್ಲಿನ ಬ್ರ್ಯಾಂಡನ್ನು ನಾನು ಮೆಚ್ಚುವುದು ಮುಖ್ಯವಾಗಿ ಹ್ಯಾಂಗರ್ ವಿಷಯಕ್ಕೆ. ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು ಅದು. ಸೈಕಲ್ ಬಿದ್ದರೆ ಫ್ರೇಮ್ ಉಳಿಸಲು ಅದು ಬಾಗಬೇಕು, ಮುರಿಯಬೇಕು. ಪ್ರತಿ ಮಾದರಿಗೂ ಬೇರೆ ಬೇರೆ ಆಕಾರದ್ದು ಇರುವುದರಿಂದ ಹಳೆಯ ಸೈಕಲ್ಲಿಗೆ ಸಿಗದೆ ಒದ್ದಾಡಿದವರು ಬಹಳ. ಬಿಡಿಭಾಗ ಮಾಡುವ ಶ್ರಾಮ್ ಕಂಪನಿ 2019ರಲ್ಲಿ, ಬೇರೆ ಬೇರೆ ಕಂಪನಿಗಳ ಹೊಸ ಫ್ರೇಮುಗಳಿಗೆ ಒಂದೇ ಥರದ ಹ್ಯಾಂಗರ್ ಇರಲೆಂದು ಯುಡಿಎಚ್ ತಂದಿದ್ದು ಇದೇ ಕಷ್ಟಕ್ಕೆ. ನನ್ನದು ಅದಕ್ಕಿಂತ ಹಳೆಯ ಕಾಲದ ಮಾದರಿ, ತಯಾರಿಕೆ ನಿಂತು ಕಾಲವಾಗಿದೆ. ಆದರೂ ಹ್ಯಾಂಗರ್ ಕೇಳಿದಾಗ ಸಿಕ್ಕಿತು. ಸರಿಯಾದದ್ದೇ ಸಿಕ್ಕಿತು. ಸೈಕಲ್ ಮೂಲೆ ಸೇರದೆ ರಸ್ತೆಯಲ್ಲಿ ಉಳಿದಿದ್ದು ಇದರಿಂದಲೇ. ಗೆಳೆಯರೊಬ್ಬರ ಹತ್ತಿರ ಇದಕ್ಕಿಂತ ಎಷ್ಟೋ ಚೆಂದದ ಸೈಕಲ್ ಇದೆ. ಆ ಕಂಪನಿ ಮುಚ್ಚಿದೆ. ಹ್ಯಾಂಗರ್ ಸಿಗದೆ ಅದು ಗೋಡೆಗೆ ಒರಗಿ ನಿಂತಿದೆ.

ಫ್ರೇಮಿಗೆ ಜೀವಮಾನದ ವಾರಂಟಿ ಎಂಬ ಮಾತನ್ನು ಮಾತ್ರ ಪೂರ್ತಿ ಓದಿಕೊಳ್ಳಿ. ಸಾಮಾನ್ಯವಾಗಿ ಅದು ಮೊದಲ ಮಾಲೀಕರಿಗೆ ಮಾತ್ರ. ಬಿದ್ದು ಆದ ಪೆಟ್ಟು, ಸವೆತ ಎರಡೂ ಸೇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನಂಬಿ ಹಣ ಜಾಸ್ತಿ ಕೊಡಬೇಡಿ.

ನಾಳೆ ಹೊಸ ಸೈಕಲ್ ಕೊಳ್ಳುವುದಾದರೆ ಇದೇ ಕಂಪನಿಯದನ್ನೇ ಕೊಳ್ಳುತ್ತೇನೆ. ಆದರೆ ಬಾಟಮ್ ಬ್ರಾಕೆಟ್ ತಿರುಪಿನದ್ದೇ ಆಗಿರಬೇಕು. ಗೇರಿನಲ್ಲಿ ಒಂದು ಮೆಟ್ಟಿಲು ಕೆಳಗಿನ ಮಾದರಿ ಆರಿಸಿ, ಉಳಿದ ಹಣದಲ್ಲಿ ಕೈಯಲ್ಲಿ ಕಟ್ಟಿದ ಹಿಂದಿನ ಚಕ್ರ ಹಾಕಿಸುತ್ತೇನೆ.