ಫಿಶ್‌ಐ ಬಾಗು ತಿದ್ದಲು ಯಾವ ತಂತ್ರಾಂಶ: ನಾಲ್ಕರ ಹೋಲಿಕೆ

ಹೋಲಿಕೆಗೆ ಇಟ್ಟುಕೊಂಡದ್ದು ಫುಲ್‌ಫ್ರೇಮ್ ಕ್ಯಾಮೆರಾದ 6000 × 4000 ಪಿಕ್ಸೆಲ್‌ನ ಮೂರು ರಾ ಫೈಲ್‌ಗಳು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಚಿತ್ರಗಳು). ಲೆನ್ಸ್ 15 ಮಿ.ಮೀ. ಡಯಾಗನಲ್ ಫಿಶ್‌ಐ, ಅಂದರೆ ಬಹಳ ಅಗಲದ ನೋಟವನ್ನು ಚೌಕಟ್ಟು ತುಂಬ ಹಿಡಿದು ನೇರ ಗೆರೆಗಳನ್ನು ಬಾಗಿಸುವ ಲೆನ್ಸ್. ಮೊದಲನೆಯದು ಕಂಬಗಳ ಸಾಲಿರುವ ಒಳಾಂಗಣ, ಎರಡನೆಯದು ಅಂಚಿನವರೆಗೂ ಜನ ನಿಂತ ಗುಂಪು, ಮೂರನೆಯದು ಕ್ಷಿತಿಜ ಚೌಕಟ್ಟಿನ ಮೇಲ್ಭಾಗದಲ್ಲಿ ಬಿಲ್ಲಿನಂತೆ ಬಾಗಿರುವ ಬಯಲು. ಲೈಟ್‌ರೂಮ್, ಡಾರ್ಕ್‌ಟೇಬಲ್, ಫೋಟೋಶಾಪ್, ಹ್ಯೂಗಿನ್ ನಾಲ್ಕೂ ಗೆರೆಗಳನ್ನು ನೇರ ಮಾಡುತ್ತವೆ. ಅದಕ್ಕಾಗಿ ಚಿತ್ರದಲ್ಲಿ ಏನನ್ನು ಕಳೆದುಕೊಳ್ಳಬೇಕು ಎಂಬ ಆಯ್ಕೆಯನ್ನು ನಮ್ಮ ಕೈಗೆ ಕೊಡುವ ವಿಷಯದಲ್ಲಿ ಮಾತ್ರ ಅವುಗಳ ನಡುವೆ ಅಜಗಜಾಂತರ.

ಕಳೆದುಕೊಳ್ಳಲೇಬೇಕು, ಏಕೆಂದರೆ ಇದು ಜ್ಯಾಮಿತಿಯ ಲೆಕ್ಕ. ಈ ಬಗೆಯ ಲೆನ್ಸ್ ಅಡ್ಡಲಾಗಿ ಸುಮಾರು 147 ಡಿಗ್ರಿ ಹಿಡಿಯುತ್ತದೆ. ಎಲ್ಲ ನೇರ ಗೆರೆಗಳನ್ನೂ ನೇರವಾಗಿಯೇ ಇಡುವ ರೆಕ್ಟಿಲಿನಿಯರ್ ರೂಪಕ್ಕೆ ಅದನ್ನು ಬದಲಿಸಿದರೆ ನಡುವಿನಿಂದ 45 ಡಿಗ್ರಿ ದೂರದಲ್ಲಿ ಪ್ರತಿ ಪಿಕ್ಸೆಲ್ ಹೊರದಿಕ್ಕಿಗೆ ಸುಮಾರು 2.2 ಪಟ್ಟು ಎಳೆಯಲ್ಪಡುತ್ತದೆ. 60 ಡಿಗ್ರಿಯಲ್ಲಿ 4.6 ಪಟ್ಟು, ಎಡಬಲದ ಅಂಚಿನಲ್ಲಿ 16 ಪಟ್ಟು. ಅಷ್ಟು ಎಳೆದ ಮೇಲೆ ಅಲ್ಲಿ ವಿವರವೇ ಉಳಿಯುವುದಿಲ್ಲ. ಹಾಗಾಗಿ ರೆಕ್ಟಿಲಿನಿಯರ್ ಬೇಕೆಂದರೆ ಅಡ್ಡಲಾಗಿ 100 ಡಿಗ್ರಿಗೆ ನಿಲ್ಲಿಸುವುದು ಒಳ್ಳೆಯದು. ನಡುವಿನ ಅಳತೆ ಹಾಗೇ ಇಟ್ಟರೆ ಫಲಿತಾಂಶವೂ 6000 ಪಿಕ್ಸೆಲ್ ಅಗಲವೇ ಬರುತ್ತದೆ. ನೋಟ ಸಾಮಾನ್ಯ 15 ಮಿ.ಮೀ. ವೈಡ್ ಆ್ಯಂಗಲ್ ಲೆನ್ಸಿನದ್ದು.

ಲೈಟ್‌ರೂಮ್ ಎಲ್ಲಕ್ಕಿಂತ ಬೇಗ. ಲೆನ್ಸ್ ಕರೆಕ್ಷನ್ಸ್‌ನಲ್ಲಿ ಪ್ರೊಫೈಲ್‌ಗೆ (ಆ ಲೆನ್ಸಿನ ಬಾಗಿನ ಸಿದ್ಧ ಅಳತೆಗೆ) ಗುರುತು ಹಾಕಿದರೆ ಮುಗಿಯಿತು. ಎಲೆಕ್ಟ್ರಾನಿಕ್ ಸಂಪರ್ಕವಿಲ್ಲದ ಮ್ಯಾನುಯಲ್ ಲೆನ್ಸ್ ಆಗಿದ್ದರೆ ಫೈಲಿನಲ್ಲಿ ಅದರ ಹೆಸರೇ ಇರುವುದಿಲ್ಲ, ತಯಾರಕ ಮತ್ತು ಮಾದರಿಯನ್ನು ಕೈಯಾರೆ ಆರಿಸಬೇಕು. ಇಲ್ಲಿ ಸಿಗುವುದು ರೆಕ್ಟಿಲಿನಿಯರ್ ಒಂದೇ. ಒಳಾಂಗಣಕ್ಕೆ ಸಾಕು. ಗುಂಪಿನ ಚಿತ್ರದಲ್ಲಿ ಮಾತ್ರ ತೊಂದರೆ: ನಡುವಿನಿಂದ 50 ಡಿಗ್ರಿ ದೂರ ನಿಂತವರ ತಲೆ ಎತ್ತರಕ್ಕಿಂತ ಅಗಲದಲ್ಲಿ ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ಡಿಸ್ಟಾರ್ಷನ್ ಸ್ಲೈಡರನ್ನು 100ರಿಂದ 60ರ ಹತ್ತಿರಕ್ಕೆ ಇಳಿಸಿದರೆ ಮುಖಗಳು ಸಹಜಕ್ಕೆ ಮರಳುತ್ತವೆ, ಗೋಡೆಗಳು ಮತ್ತೆ ಸ್ವಲ್ಪ ಬಾಗುತ್ತವೆ. ಜನರಿರುವ ಚಿತ್ರಕ್ಕೆ ಇದು ಒಪ್ಪಬಹುದಾದ ರಾಜಿ.

ಉಚಿತವಾದ ಡಾರ್ಕ್‌ಟೇಬಲ್ ಲೆನ್ಸ್‌ಫನ್ ಎಂಬ, ಲೆನ್ಸ್‌ಗಳ ಬಾಗಿನ ಅಳತೆಗಳಿರುವ ಮುಕ್ತ ದತ್ತಾಂಶವನ್ನು ಬಳಸುತ್ತದೆ. ಅದರ ಲೆನ್ಸ್ ಕರೆಕ್ಷನ್ ಮಾಡ್ಯೂಲ್‌ನಲ್ಲಿ ಗುರಿಯ ಜ್ಯಾಮಿತಿಯನ್ನು ಆರಿಸಬಹುದು: ರೆಕ್ಟಿಲಿನಿಯರ್, ಸ್ಟೀರಿಯೊಗ್ರಾಫಿಕ್, ಪ್ಯಾನರಾಮಿಕ್ ಇತ್ಯಾದಿ. ಸ್ಕೇಲ್ ಅನ್ನು 1ಕ್ಕಿಂತ ಕೆಳಗೆ ತಂದರೆ ಕತ್ತರಿಸಿಹೋದ ಅಂಚು ಮರಳಿ ಬರುತ್ತದೆ. ಇದನ್ನು ಗಮನಿಸದೆ ‘ಅರ್ಧ ಚಿತ್ರವೇ ಹೋಯಿತು’ ಎಂದು ಬಿಟ್ಟುಬಿಡುವವರು ಬಹಳ.

ಫೋಟೋಶಾಪಿನ ಅಡಾಪ್ಟಿವ್ ವೈಡ್ ಆ್ಯಂಗಲ್ ಫಿಲ್ಟರ್ ದಾರಿಯೇ ಬೇರೆ. ಬಾಗಿದ ಅಂಚಿನ ಎರಡು ತುದಿ ಗುರುತಿಸಿದರೆ ಫಿಲ್ಟರ್ ಬಾಗನ್ನು ತಾನೇ ಹಿಂಬಾಲಿಸಿ ಆ ಗೆರೆಯನ್ನು ನೇರ ಮಾಡುತ್ತದೆ. ಶಿಫ್ಟ್ ಒತ್ತಿಕೊಂಡು ಎಳೆದರೆ ಲಂಬಕ್ಕೋ ಅಡ್ಡಕ್ಕೋ ಕಟ್ಟಿಹಾಕುತ್ತದೆ. ಕಟ್ಟಡದ ನಾಲ್ಕಾರು ಮುಖ್ಯ ಗೆರೆ ಸಾಕೆನ್ನುವ ಕಡೆ ಇದು ಬಹಳ ಚೆನ್ನ. ಹತ್ತಿರಹತ್ತಿರ ಹದಿನೈದಿಪ್ಪತ್ತು ಗೆರೆ ಎಳೆದಿರೋ, ಒಂದಕ್ಕೊಂದು ಜಗ್ಗಾಡಿ ನಡುವಿನ ಗೋಡೆ ಉಬ್ಬುತ್ತದೆ. ಮೊದಲೇ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ (ಫಿಲ್ಟರನ್ನು ಮತ್ತೆ ತೆರೆದು ಬದಲಿಸಬಲ್ಲ ರೂಪ) ಮಾಡಿಕೊಂಡರೆ ಹೆಚ್ಚಾದ ಗೆರೆಗಳನ್ನು ಆಮೇಲೆ ಅಳಿಸಬಹುದು.

ಗಿಂಪ್‌ನ ಲೆನ್ಸ್ ಡಿಸ್ಟಾರ್ಷನ್ ಫಿಲ್ಟರ್ ಸಾಮಾನ್ಯ ಲೆನ್ಸಿನ ಸಣ್ಣ ಉಬ್ಬಿಗೆ ಸರಿ, ಫಿಶ್‌ಐಗೆ ಅಲ್ಲ.

ಕಲಿಯಲು ಹೆಚ್ಚು ಹೊತ್ತು ಬೇಡುವುದು ಹ್ಯೂಗಿನ್, ಮೂರು ಚಿತ್ರಗಳಿಗೂ ಸಮಾಧಾನಕರ ಉತ್ತರ ಕೊಟ್ಟದ್ದೂ ಅದೊಂದೇ. ಪನೋರಮಾ ಹೊಲಿಯುವ ಉಚಿತ ತಂತ್ರಾಂಶವಾದರೂ ಒಂದೇ ಚಿತ್ರವನ್ನು ಹಾಕಿ ಪ್ರೊಜೆಕ್ಷನ್, ಅಂದರೆ ಸುತ್ತಲಿನ ನೋಟವನ್ನು ಚಪ್ಪಟೆ ಚಿತ್ರಕ್ಕೆ ಇಳಿಸುವ ಬಗೆ, ಬದಲಿಸಬಹುದು. ಮೊದಲು ರಾ ಫೈಲಿನಲ್ಲಿ ಅಂಚಿನ ಬಣ್ಣದ ಎಳೆ ತೆಗೆದು, ಡಿಸ್ಟಾರ್ಷನ್ ತಿದ್ದುವಿಕೆಯನ್ನು ಆಫ್ ಮಾಡಿ, ಕ್ರಾಪ್ ಮಾಡದೆ, ಶಾರ್ಪನಿಂಗ್ ಇಲ್ಲದೆ 16 ಬಿಟ್ ಟಿಫ್ ಹೊರತೆಗೆಯಬೇಕು. ಕ್ರಾಪ್ ಮಾಡಿದರೆ ಲೆನ್ಸಿನ ಕೇಂದ್ರ ಚಿತ್ರದ ನಡುವಿನಿಂದ ಸರಿದು ಲೆಕ್ಕವೆಲ್ಲ ತಪ್ಪುತ್ತದೆ. ಹ್ಯೂಗಿನ್‌ಗೆ ಸೇರಿಸುವಾಗ ಲೆನ್ಸ್ ಬಗೆ ಫಿಶ್‌ಐ, ಫೋಕಲ್ ಲೆಂಗ್ತ್ 15, ಕ್ರಾಪ್ ಫ್ಯಾಕ್ಟರ್ 1 (ಫುಲ್‌ಫ್ರೇಮ್) ಎಂದು ಕೊಡಿ.

ನಂತರ ಕಂಟ್ರೋಲ್ ಪಾಯಿಂಟ್ಸ್‌ನಲ್ಲಿ ಎರಡೂ ಕಡೆ ಅದೇ ಚಿತ್ರವನ್ನು ತೆರೆದು, ಎಡ ಅಂಚಿನ ಒಂದು ಕಂಬದ ಮೇಲೂ ಬಲ ಅಂಚಿನ ಒಂದರ ಮೇಲೂ ಲಂಬ ಗೆರೆಯ ಬಿಂದುಜೋಡಿ ಇಡಿ. ಆಪ್ಟಿಮೈಸರ್‌ನಲ್ಲಿ ಪಿಚ್ (ಮೇಲೆ ಕೆಳಗಿನ ವಾಲು) ಮತ್ತು ರೋಲ್ (ಪಕ್ಕದ ವಾಲು) ಮಾತ್ರ ಆರಿಸಿ. ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ವಾಲಿದ್ದರೆ ಈ ಹೆಜ್ಜೆಯೇ ಪ್ರಾಣ. ಇದಿಲ್ಲದೆ ಮುಂದಿನ ಪ್ರೊಜೆಕ್ಷನ್‌ನಲ್ಲಿ ಕಂಬಗಳು ಮತ್ತೆ ಬಾಗುತ್ತವೆ. ಗೆರೆಗಳಲ್ಲಿ ಇನ್ನೂ ಬಾಗು ಉಳಿದಿದ್ದರೆ ನೇರ ಗೆರೆಯ ಬಿಂದುಗಳನ್ನು ಸೇರಿಸಿ, ಲೆನ್ಸಿನ ಬಾಗನ್ನು ಹೇಳುವ ಎ, ಬಿ, ಸಿ ಅಳತೆಗಳಲ್ಲಿ ಬಿ ಒಂದನ್ನೇ ಸಡಿಲಿಸಿ. ನಾಲ್ಕೈದು ಬಿಂದು ಇಟ್ಟುಕೊಂಡು ಮೂರನ್ನೂ ಒಟ್ಟಿಗೆ ಬಿಟ್ಟರೆ ಅಂಚು ಅಲೆಯಲೆಯಾಗುತ್ತದೆ.

ಗುಂಪಿನ ಚಿತ್ರಕ್ಕೆ ಪಾನಿನಿ ಪ್ರೊಜೆಕ್ಷನ್ ಆರಿಸಿ. ಲಂಬ ಗೆರೆಗಳೂ ನಡುವಿನಿಂದ ಹೊರಡುವ ಗೆರೆಗಳೂ ನೇರ ಉಳಿಯುತ್ತವೆ, ಮಿಕ್ಕ ಅಡ್ಡ ಗೆರೆಗಳು ಬಾಗುತ್ತವೆ. ಕಣ್ಣಿನ ಮಟ್ಟದಲ್ಲಿ ಅಗಲ, ಎತ್ತರ ಎರಡೂ ಸಮನಾಗಿ ಹಿಗ್ಗುವುದರಿಂದ ಅಂಚಿನ ತಲೆ ದುಂಡಗೇ ಇರುತ್ತದೆ. 70 ಡಿಗ್ರಿಯಲ್ಲೂ ಹಿಗ್ಗು ನಡುವಿನ ಒಂದೂವರೆ ಪಟ್ಟನ್ನು ಮೀರದು. ಅಂದರೆ 140 ಡಿಗ್ರಿಯನ್ನೂ ಉಳಿಸಿಕೊಳ್ಳಬಹುದು, ಯಾರನ್ನೂ ಕತ್ತರಿಸಬೇಕಿಲ್ಲ. ಜನರಲ್ ಪಾನಿನಿಯಲ್ಲಿ ಕಂಪ್ರೆಷನ್ 100 ಇದ್ದರೆ ಮೂಲ ಪಾನಿನಿ, 0 ಇದ್ದರೆ ರೆಕ್ಟಿಲಿನಿಯರ್; ಒಳಾಂಗಣಕ್ಕೆ ನಡುವಿನ ಬೆಲೆ ಹುಡುಕಿಕೊಳ್ಳಬಹುದು.

ಬಯಲಿನ ಚಿತ್ರಕ್ಕೆ ಕ್ಷಿತಿಜದ ಮೇಲೆ ಮೂರು ಜಾಗ ಗುರುತಿಸಿ: ಎಡಕ್ಕೂ ನಡುವಿಗೂ ಒಂದು ಅಡ್ಡ ಗೆರೆಯ ಜೋಡಿ, ನಡುವಿಗೂ ಬಲಕ್ಕೂ ಇನ್ನೊಂದು. ಪಿಚ್, ರೋಲ್ ಆಪ್ಟಿಮೈಸ್ ಮಾಡಿ ಸಿಲಿಂಡ್ರಿಕಲ್ ಪ್ರೊಜೆಕ್ಷನ್ (ನೋಟವನ್ನು ಕೊಳವೆಯ ಮೇಲೆ ಮೂಡಿಸಿ ಬಿಚ್ಚಿ ಹರಡಿದಂತೆ) ಆರಿಸಿದರೆ ಬಿಲ್ಲು ನೇರವಾಗುತ್ತದೆ, ಬಯಲಿನ ವಿಸ್ತಾರ ಉಳಿಯುತ್ತದೆ. ಮುಂದಿನ ಸಲ ಚಿತ್ರ ತೆಗೆಯುವಾಗ ಕ್ಷಿತಿಜವನ್ನು ಚೌಕಟ್ಟಿನ ಸರಿಯಾಗಿ ನಡುವೆ ಇಟ್ಟರೆ ಈ ಕೆಲಸವೇ ಬೇಡ, ಏಕೆಂದರೆ ಕೇಂದ್ರದ ಮೂಲಕ ಹಾಯುವ ಗೆರೆಯನ್ನು ಫಿಶ್‌ಐ ಬಾಗಿಸುವುದಿಲ್ಲ.